ಕಾರಿನ ಕ್ಯಾಬಿನ್ ಫಿಲ್ಟರ್: ಗ್ಯಾರೇಜಿನಲ್ಲಿ ಕೇಳಿದ್ದು 1,850, ಕೈಯಾರೆ ಹಾಕಿದ್ದು 410ಕ್ಕೆ

ಗಾಡಿ 2016ರ ಹ್ಯುಂಡೈ ಎಲೀಟ್ ಐ20, ಪೆಟ್ರೋಲ್. ಮನೆ ದಾವಣಗೆರೆಯಲ್ಲಿ. ಹೊಲ ಭರಮಸಾಗರದ ಕಡೆ ಇರುವುದರಿಂದ ವಾರಕ್ಕೊಮ್ಮೆಯಾದರೂ ಎನ್‌ಎಚ್ 48ರಲ್ಲಿ ಆ ಕಡೆ ಓಡಾಟ ಇದ್ದೇ ಇರುತ್ತದೆ. ಈ ಬರಹ ಎಂಜಿನ್ನಿನ ಏರ್ ಫಿಲ್ಟರ್ ಬಗ್ಗೆ ಅಲ್ಲ. ಕಾರಿನ ಒಳಗೆ ಕೂತವರಿಗೆ ಬರುವ ಗಾಳಿಯನ್ನು ಸೋಸುವ ಫಿಲ್ಟರ್ ಬಗ್ಗೆ. ನಮ್ಮ ಕಡೆ ಅಂಗಡಿಯಲ್ಲಿ 'ಎಸಿ ಫಿಲ್ಟರ್' ಅಂತ ಕೇಳಿದರೆ ಬೇಗ ಗೊತ್ತಾಗುತ್ತದೆ, ಬರೀ 'ಏರ್ ಫಿಲ್ಟರ್' ಅಂದರೆ ಎಂಜಿನ್ನಿನದ್ದೇ ಕೈಗೆ ಬರುತ್ತದೆ.

ಸರಿಹೋಗದ ದಾರಿಗಳನ್ನೂ ಬರೆದಿದ್ದೇನೆ. ಅವುಗಳಿಗೆ ಹಾಕಿದ ದುಡ್ಡೂ ಲೆಕ್ಕದಲ್ಲಿದೆ.

ಹಂತ 1: ಏನು ತೊಂದರೆ ಇತ್ತು

ಮೆಕ್ಕೆಜೋಳದ ಸುಗ್ಗಿ ಜೋರಾಗಿದ್ದ ನವೆಂಬರ್ ತಿಂಗಳು. ಫ್ಯಾನ್ ನಾಲ್ಕಕ್ಕೆ ಇಟ್ಟರೆ ಸದ್ದು ಭರ್ರೋ ಅಂತ ಬರುತ್ತಿತ್ತು, ಗಾಳಿ ಮಾತ್ರ ಎರಡರಲ್ಲಿ ಇಟ್ಟಷ್ಟು. ಎಸಿ ಹಾಕಿದ ಮೊದಲ ಒಂದೆರಡು ನಿಮಿಷ ಒದ್ದೆ ಗೋಣಿಚೀಲದ ವಾಸನೆ. ಬೆಳಗಿನ ಜಾವ ಹೊರಟರೆ ಮುಂದಿನ ಗಾಜಿನ ಮಂಜು ಹೋಗುವುದಕ್ಕೆ ತುಂಬಾ ಹೊತ್ತು. ಇದೆಲ್ಲ ಹೇಗೋ ತಡೆದುಕೊಳ್ಳಬಹುದು. ಆದರೆ ಅವ್ವನಿಗೆ ಧೂಳಿನ ಅಲರ್ಜಿ ಇದೆ. ಮನೆಯಲ್ಲಿ ಆರಾಮಾಗಿ ಇರುವವರು ಕಾರು ಹತ್ತಿ ಆನಗೋಡು ದಾಟುವಷ್ಟರಲ್ಲಿ ಸೀನಲು ಶುರು ಮಾಡುತ್ತಿದ್ದರು, ಕಿಟಕಿ ಎಲ್ಲ ಮುಚ್ಚಿದ್ದರೂ. ಧೂಳು ಕಿಟಕಿಯಿಂದ ಅಲ್ಲ, ಎಸಿ ಕಿಂಡಿಯಿಂದಲೇ ಬರುತ್ತಿದೆ ಅಂತ ಆಗ ಅನಿಸಿತು.

ಊರಲ್ಲಿ ಒಂದು ದೊಡ್ಡ ಗ್ಯಾರೇಜಿಗೆ ತೋರಿಸಿದೆ. ಎಸ್ಟಿಮೇಟ್ ಬರೆದು ಕೊಟ್ಟರು. ಫಿಲ್ಟರ್ 750, ಕೂಲಿ 300, 'ಎಸಿ ಕ್ಲೀನಿಂಗ್ ಫೋಮ್' 800. ಒಟ್ಟು 1,850. ಹಳೆಯದನ್ನು ಬಿಚ್ಚಿ ತೋರಿಸಿ ಅಂದಿದ್ದಕ್ಕೆ, ಬಿಚ್ಚಿದರೆ ಕೂಲಿ ಕೊಡಬೇಕಾಗುತ್ತದೆ ಸಾರ್ ಅಂದರು. ಯಾವ ಕಂಪನಿ ಫಿಲ್ಟರ್ ಅಂತ ಕೇಳಿದರೆ 'ಒಳ್ಳೇದು ಹಾಕ್ತೀವಿ' ಅಂದರು, ಹೆಸರು ಹೇಳಲಿಲ್ಲ. ಅಲ್ಲಿಂದ ಗಾಡಿ ತಿರುಗಿಸಿಕೊಂಡು ಬಂದೆ.

ಹಂತ 2: ಬಿಚ್ಚಿ ನೋಡಿದ್ದು

ಈ ಗಾಡಿಯಲ್ಲಿ ಫಿಲ್ಟರ್ ಇರುವುದು ಎಡಗಡೆ ಸೀಟಿನ ಮುಂದಿನ ಗ್ಲೋವ್ ಬಾಕ್ಸ್ ಹಿಂದೆ. ಬಿಚ್ಚುವುದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಕಾಗಲಿಲ್ಲ. ಬೇಕಾಗಿದ್ದು ಕೈ, ಒಂದು ಟಾರ್ಚ್, ಕೆಳಗೆ ಹಾಸಲು ಹಳೆಯ ಪೇಪರ್.

ಗಾಡಿ ಆಫ್ ಮಾಡಿ, ಕೀ ತೆಗೆದಿಟ್ಟು, ಗ್ಲೋವ್ ಬಾಕ್ಸ್ ಪೂರಾ ಖಾಲಿ ಮಾಡಿದೆ. ಡಬ್ಬಿಯ ಒಳಗೆ ಎಡಕ್ಕೊಂದು ಬಲಕ್ಕೊಂದು ಪ್ಲಾಸ್ಟಿಕ್ ತಡೆಗಳಿವೆ. ತಿರುಗಿಸಿ ಎಳೆದರೆ ಬರುತ್ತವೆ. ಡಬ್ಬಿ ಮೆಲ್ಲಗೆ ಇಳಿಯಲಿ ಅಂತ ಪಕ್ಕದಲ್ಲಿ ಒಂದು ಸಣ್ಣ ದಾರದಂತಹದ್ದು ಇರುತ್ತದೆ, ಅದರ ಕೊಕ್ಕೆ ಬಿಡಿಸಿದರೆ ಡಬ್ಬಿ ಪೂರ್ತಿ ಕೆಳಗೆ ಜೋತುಬೀಳುತ್ತದೆ. ಹಿಂದೆ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ, ಅದಕ್ಕೊಂದು ಅಡ್ಡ ಮುಚ್ಚಳ. ಮುಚ್ಚಳದ ಕಿವಿ ಒತ್ತಿ ಎಳೆಯಬೇಕು. ಹತ್ತು ವರ್ಷದ ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿರುತ್ತದೆ. ಕಿವಿ ಮುರಿದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಗಾಳಿ ಅಲ್ಲಿಂದಲೇ ಒಳಗೆ ನುಗ್ಗುತ್ತದೆ. ಮಧ್ಯಾಹ್ನ ಗಾಡಿ ಸ್ವಲ್ಪ ಬಿಸಿಯಾಗಿದ್ದಾಗ ಬಿಚ್ಚುವುದು ಒಳ್ಳೆಯದು, ಪ್ಲಾಸ್ಟಿಕ್ ಬಾಗುತ್ತದೆ.

ಫಿಲ್ಟರ್ ಹೊರಗೆ ಎಳೆದೆ. ಬಿಳಿ ಇರಬೇಕಾದ ಬಟ್ಟೆ ಮೇಲಿನ ಮುಖದಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಡಿಕೆ ಮಡಿಕೆಗಳ ನಡುವೆ ಮೆಕ್ಕೆಜೋಳದ ಸುಂಕು (ಒಕ್ಕುವಾಗ ಹಾರುವ ಹೊಟ್ಟಿನ ಪುಡಿ), ಒಣಗಿದ ಬೇವಿನ ಎಲೆಯ ಚೂರು, ಎರಡು ಸತ್ತ ಜೇನುನೊಣ. ಒಂದು ಮೂಲೆಯಲ್ಲಿ ಇಲಿ ಕಡಿದು ಒಂದು ರೂಪಾಯಿ ನಾಣ್ಯ ತೂರುವಷ್ಟು ತೂತು ಮಾಡಿತ್ತು. ಆ ತೂತಿನ ಸುತ್ತ ರವದಿ (ಒಣ ಎಲೆ-ಸಿಪ್ಪೆ) ಚೂರು, ಹತ್ತಿ, ಯಾವುದೋ ಪೇಪರ್ ಎಲ್ಲ ಸೇರಿಸಿ ಗೂಡು ಕಟ್ಟಲು ಶುರು ಮಾಡಿದ್ದ ಗುರುತು. ಅವ್ವ ಸೀನುತ್ತಿದ್ದಕ್ಕೆ ಕಾರಣ ಆ ತೂತೇ. ಅಕ್ಕಪಕ್ಕ ಎಲ್ಲ ಕಟ್ಟಿಕೊಂಡಿದ್ದರಿಂದ ಒಳಗೆ ಬರುತ್ತಿದ್ದ ಗಾಳಿಯಲ್ಲಿ ಹೆಚ್ಚಿನದು ಆ ಒಂದು ಕಿಂಡಿಯಿಂದ ಸೋಸದೆ ಬರುತ್ತಿತ್ತು.

ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. 171 ಗ್ರಾಂ. ಪೇಪರ್ ಮೇಲೆ ಕೊಡವಿದ ಮೇಲೆ 138 ಗ್ರಾಂ. ಹೊಸದು ಎಷ್ಟಿರುತ್ತದೆ ಅಂತ ಆಗ ಗೊತ್ತಿರಲಿಲ್ಲ, ಹೋಲಿಸಲು ಬರೆದಿಟ್ಟುಕೊಂಡೆ.

ಇಲ್ಲಿ ಒಂದು ವಿಷಯ ಗಮನಿಸಿ. ಎಳೆಯುವಾಗ ಮೇಲಿನ ಕಸ ಸ್ವಲ್ಪ ಕೆಳಗಿನ ಬ್ಲೋವರ್ (ಗಾಳಿ ತಳ್ಳುವ ಫ್ಯಾನ್) ಒಳಗೆ ಬಿತ್ತು. ಫ್ಯಾನ್ ಹಾಕಿದರೆ ಟರ್ರ್ ಅಂತ ಶಬ್ದ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಒಂದು ಅಡಿ ಉದ್ದದ ಸಣ್ಣ ಪೈಪ್ ಟೇಪ್ ಸುತ್ತಿ ಸಿಕ್ಕಿಸಿ, ಫಿಲ್ಟರ್ ಕಿಂಡಿಯಿಂದ ಕೆಳಗೆ ಇಳಿಸಿ ಎಳೆದ ಮೇಲೆ ಹೋಯಿತು. ಫಿಲ್ಟರ್ ಎಳೆಯುವಾಗ ಮಟ್ಟಸವಾಗಿ, ಅಲ್ಲಾಡಿಸದೆ, ನಿಧಾನಕ್ಕೆ ಎಳೆದರೆ ಈ ಕೆಲಸ ತಪ್ಪುತ್ತದೆ.

ಹಂತ 3: ಹಳೆಯದನ್ನೇ ಉಳಿಸಿಕೊಳ್ಳುವ ಪ್ರಯತ್ನ

ಸುಮಾರು ಜನ ಹೇಳುವುದು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ ಹಾಕಿಕೊಳ್ಳಿ ಸಾಕು ಅಂತ. ಇಲಿ ತೂತು ಇದ್ದುದರಿಂದ ನಮ್ಮದು ಹೇಗೂ ಹೋಗಿತ್ತು. ಆದರೂ ಗಾಳಿ ಹೊಡೆದರೆ ಏನಾಗುತ್ತದೆ ಅಂತ ನೋಡಬೇಕಿತ್ತು, ಯಾಕೆಂದರೆ ಮುಂದಿನ ಸಲವೂ ಇದೇ ಪ್ರಶ್ನೆ ಬರುತ್ತದೆ.

ಗಾಳಿ ಹೊಡೆದಾಗ ಧೂಳು ಮೋಡದಂತೆ ಎದ್ದಿತು, ನೋಡಲು ಖುಷಿ. ಆಮೇಲೆ ಬಿಸಿಲಿಗೆ ಹಿಡಿದು ನೋಡಿದೆ. ಮಡಿಕೆಯ ತುದಿಗಳಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು, ಮೊದಲು ಇರಲಿಲ್ಲ. ಪಕ್ಕದ ಅಂಟು ಒಂದು ಕಡೆ ಬಿಟ್ಟುಕೊಂಡಿತ್ತು. ಕಂಪ್ರೆಸರ್ ಗಾಳಿ ಈ ತೆಳು ಬಟ್ಟೆಗೆ ತುಂಬಾ ಜಾಸ್ತಿ. ಒಳಗಿನ ಬಟ್ಟೆಯಲ್ಲಿ ಅರ್ಧ ತುಂಡು ಕತ್ತರಿಸಿ ಸೋಪಿನ ನೀರಿನಲ್ಲಿ ತೊಳೆದೂ ನೋಡಿದೆ. ಒಣಗಿದ ಮೇಲೆ ಬಟ್ಟೆ ಉಬ್ಬಿ ನಾರು ನಾರಾಗಿ ಎದ್ದಿತ್ತು, ಮಡಿಕೆ ಸೊಟ್ಟಗಾಗಿತ್ತು, ವಾಸನೆ ಹಾಗೇ ಇತ್ತು.

ಇನ್ನೂ ಹೊಸದಾಗಿರುವ ಫಿಲ್ಟರ್ ಆದರೆ ನಡುವೆ ಒಮ್ಮೆ ತೆಗೆದು, ಕೊಳೆ ಇರುವ ಮುಖ ಕೆಳಗೆ ಮಾಡಿ ಪೇಪರ್ ಮೇಲೆ ಮೆಲ್ಲಗೆ ತಟ್ಟಿ ಹಾಕಬಹುದು. ಅಷ್ಟು ಸಾಕು. ಗಾಳಿ ಬೇಡ, ನೀರು ಬೇಡವೇ ಬೇಡ.

ಹಂತ 4: ಬಟ್ಟೆ ಕತ್ತರಿಸಿ ಮಾಡಿದ್ದು

ಮನೆಯ ಎಸಿಗೆ ಅಂಟಿಸುವ ಫಿಲ್ಟರ್ ಬಟ್ಟೆ ಹಾಳೆ ಆನ್‌ಲೈನ್‌ನಲ್ಲಿ 220 ರೂಪಾಯಿಗೆ ಸಿಗುತ್ತದೆ. ಒಂದು ಹಾಳೆಯಲ್ಲಿ ಮೂರ್ನಾಲ್ಕು ಸಲಕ್ಕೆ ಆಗುತ್ತದೆ ಅಂತ ಲೆಕ್ಕ ಹಾಕಿ ತರಿಸಿದೆ. ಹಳೆಯ ಫಿಲ್ಟರಿನ ಕಟ್ಟಿನೊಳಗೆ (ಸುತ್ತಲಿನ ಚೌಕಟ್ಟು) ಅಳತೆಗೆ ಕತ್ತರಿಸಿ ಕೂರಿಸಿದೆ. ಒಂದು ಪದರ ಹಾಕಿದರೆ ಗಾಳಿ ಚೆನ್ನಾಗಿ ಬರುತ್ತದೆ, ಆದರೆ ಒಂದು ವಾರಕ್ಕೆ ಡ್ಯಾಶ್‌ಬೋರ್ಡ್ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು. ಎರಡು ಪದರ ಹಾಕಿದರೆ ಧೂಳು ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ.

ಕಾರಣ ಕಣ್ಣಿಗೇ ಕಾಣುತ್ತದೆ. ಅಂಗಡಿಯ ಫಿಲ್ಟರ್ ಮಡಿಕೆ ಮಡಿಕೆಯಾಗಿ ಇರುವುದರಿಂದ ಬಿಡಿಸಿ ಹಾಸಿದರೆ ಆ ಕಟ್ಟಿನ ಎಷ್ಟೋ ಪಟ್ಟು ಉದ್ದ ಬರುತ್ತದೆ. ಚಪ್ಪಟೆ ಹಾಳೆಗೆ ಆ ಜಾಗ ಇಲ್ಲ. ಕೈಯಲ್ಲಿ ಮಡಿಕೆ ಹಾಕಲೂ ನೋಡಿದೆ, ಗಾಳಿಯ ಒತ್ತಡಕ್ಕೆ ಎಲ್ಲ ಒಂದು ಕಡೆ ಜಾರಿ ಕೂರುತ್ತದೆ. ಈ 220 ಹೋಯಿತು ಅಂತಲೇ ಲೆಕ್ಕ. ಉಳಿದ ಹಾಳೆ ಮನೆಯ ಎಸಿಗೆ ಹಾಕಿದೆ.

ಹಂತ 5: ಅಂಗಡಿಗಳಲ್ಲಿ ಹುಡುಕಿದ್ದು

ದಾವಣಗೆರೆಯಲ್ಲಿ ಪಿ.ಬಿ. ರಸ್ತೆ ಹಿಡಿದು ಹೋದರೆ ಗಾಡಿ ಸ್ಪೇರ್ ಅಂಗಡಿಗಳಿಗೆ ಕೊರತೆ ಇಲ್ಲ. ಆದರೆ ಲಾರಿ, ಟ್ರ್ಯಾಕ್ಟರ್, ಗೂಡ್ಸ್ ಗಾಡಿ ಸಾಮಾನು ಜಾಸ್ತಿ. ಕಾರಿನ ಎಂಜಿನ್ ಏರ್ ಫಿಲ್ಟರ್, ಆಯಿಲ್ ಫಿಲ್ಟರ್ ಎಲ್ಲರ ಹತ್ತಿರವೂ ಇರುತ್ತದೆ. ಕ್ಯಾಬಿನ್ ಫಿಲ್ಟರ್ ಕೇಳಿದರೆ ಮೇಲಿನ ಅಟ್ಟದಿಂದ ತೆಗೆಯಬೇಕು. ಹೆಚ್ಚು ಜನ ಕೇಳುವುದಿಲ್ಲವಂತೆ.

ಮೊದಲ ಅಂಗಡಿಯಲ್ಲಿ ಹುಡುಗ ಒಂದು ಡಬ್ಬಿ ತಂದುಕೊಟ್ಟ. ಕಂಪನಿ ಹೆಸರಿಲ್ಲ, ಮಾಡೆಲ್ ಹೆಸರಿಲ್ಲ.

"ಇದು ಎಲ್ಲಾ ಹ್ಯುಂಡೈಗೂ ಕೂರುತ್ತೆ ಅಣ್ಣ, ತಗೊಂಡ್ ಹೋಗಿ."

260 ರೂಪಾಯಿ. ಮನೆಗೆ ತಂದು ಅಳೆದರೆ ಹಳೆಯದಕ್ಕಿಂತ ಅಗಲದಲ್ಲಿ 8 ಮಿಲಿಮೀಟರ್ ಜಾಸ್ತಿ, ದಪ್ಪದಲ್ಲಿ ಕಡಿಮೆ. ಬಲವಂತವಾಗಿ ತಳ್ಳಿದರೆ ಒಳಗೆ ಹೋಗುತ್ತದೆ. ಆದರೆ ನಡುವೆ ಬಿಲ್ಲಿನ ಹಾಗೆ ಬಾಗಿ, ಮೇಲೆ ಕೆಳಗೆ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಸಂದಿನಲ್ಲಿ ಫೋಮ್ ಪಟ್ಟಿ ಅಂಟಿಸಬಹುದು ಅನಿಸಿತ್ತು, ಪೂರ್ತಿ ಸುತ್ತ ಸಂದು ಇರುವಾಗ ಅದು ಆಗದ ಕೆಲಸ. ಡಬ್ಬಿ ಹರಿಯದೆ, ಕೊಳೆ ಮಾಡದೆ ಇಟ್ಟಿದ್ದರಿಂದ ಅಂಗಡಿಯವರು ಒಂದು ಮಾತೂ ಆಡದೆ ವಾಪಸ್ ತಗೊಂಡರು. ಕ್ಯಾಬಿನ್ ಫಿಲ್ಟರ್ ಕೊಳ್ಳುವಾಗ 'ಅಳತೆ ಆಗದಿದ್ದರೆ ವಾಪಸ್ ತರ್ತೀನಿ' ಅಂತ ಮೊದಲೇ ಹೇಳಿ ಬಿಲ್ ತಗೊಳ್ಳಿ.

ಇನ್ನೊಂದು ಅಂಗಡಿಯ ಯಜಮಾನರು ವಯಸ್ಸಾದವರು. ಅವರು ಕೇಳಿದ ಪ್ರಶ್ನೆಗಳೇ ಬೇರೆ.

"ಯಾವ ಐ20 ರೀ? ಮೊದಲಿಂದಾ, ಎಲೀಟಾ, ಈಗಿನದಾ?"

ಈ ಪ್ರಶ್ನೆ ಸರಿಯಾದದ್ದು. ಐ20 ಹೆಸರಿನಲ್ಲಿ ಮೊದಲ ಗಾಡಿ ಬಂದದ್ದು 2008ರಲ್ಲಿ, ಎಲೀಟ್ 2014ರಲ್ಲಿ, ಅದರ ನಂತರದ್ದು 2020ರಲ್ಲಿ. ಹೆಸರು ಒಂದೇ ಅಂತ ಸಾಮಾನು ಒಂದೇ ಇರಬೇಕು ಅಂತೇನಿಲ್ಲ. ಅವರು ಆರ್‌ಸಿಯಲ್ಲಿರುವ ಚಾಸಿ ನಂಬರ್ ಇದೆಯಾ ಅಂತ ಕೇಳಿದರು, ಜೊತೆಗೆ ಹಳೆಯ ಫಿಲ್ಟರ್ ತಂದಿದ್ದೀರಾ ಅಂತ. ಹಳೆಯದರ ಪಕ್ಕದ ಪಟ್ಟಿಯ ಮೇಲೆ ಧೂಳು ಒರೆಸಿದರೆ ಒಂದು ನಂಬರ್ ಅಚ್ಚಾಗಿತ್ತು. ಹ್ಯುಂಡೈ ಕ್ಯಾಬಿನ್ ಫಿಲ್ಟರ್ ನಂಬರ್ 97133 ಅಂತ ಶುರುವಾಗುತ್ತದೆ. ಆಮೇಲಿನ ಐದು ಅಕ್ಷರ ಮತ್ತು ಅಂಕಿಗಳೇ ಯಾವ ಗಾಡಿಯದು ಅಂತ ಹೇಳುವುದು. ಬರೀ 97133 ನೋಡಿ ಕೊಳ್ಳಬೇಡಿ. ಪೂರ್ತಿ ನಂಬರ್ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಅವರ ಹತ್ತಿರ ಆವತ್ತು ಸ್ಟಾಕ್ ಇರಲಿಲ್ಲ, ಎರಡು ದಿನ ಬಿಟ್ಟು ಬನ್ನಿ ಅಂದರು.

ಹಂತ 6: ಆನ್‌ಲೈನ್

ಅಷ್ಟರಲ್ಲಿ ಆನ್‌ಲೈನ್‌ನಲ್ಲೂ ಅದೇ ನಂಬರ್ ಹಾಕಿ ಹುಡುಕಿದೆ. ಬಾಷ್, ಮಾನ್, ಎಲೋಫಿಕ್ ಇಂಥ ಕಂಪನಿಗಳದ್ದೂ ಬರುತ್ತವೆ, ಹೆಸರೇ ಕೇಳದ ಕಂಪನಿಗಳದ್ದೂ ಬರುತ್ತವೆ. 300ರ ಒಳಗೆ ಸಿಗುವ ಹೆಸರಿಲ್ಲದ ಒಂದನ್ನು ತರಿಸಿ ನೋಡಿದೆ, 299 ರೂಪಾಯಿ. ಅಳತೆ ಸರಿ ಇತ್ತು. ಆದರೆ ಮಡಿಕೆಗಳು ಹಳೆಯದರ ಮೂರನೇ ಎರಡು ಭಾಗದಷ್ಟೂ ಇರಲಿಲ್ಲ, ಅಂಚಿನ ಕಟ್ಟು ಮೆತ್ತನೆಯ ರಟ್ಟು. ಬೆರಳಿನಲ್ಲಿ ಒತ್ತಿದರೆ ಒಳಕ್ಕೆ ಹೋಗುತ್ತದೆ, ಅಂದರೆ ಗಾಳಿ ಜೋರಾದಾಗ ಅಂಚಿನಿಂದ ಧೂಳು ಜಾರಿ ಹೋಗುತ್ತದೆ. ವಾಪಸ್ ಕಳಿಸಿದೆ, ದುಡ್ಡು ಬಂತು.

ಆನ್‌ಲೈನ್‌ನಲ್ಲಿ ನೋಡುವಾಗ ಗಮನಿಸಬೇಕಾದದ್ದು ಇಷ್ಟು. ಮಾಡೆಲ್ ಹೆಸರಿನ ಜೊತೆ ವರ್ಷ ಬರೆದಿದೆಯಾ. ಉದ್ದ, ಅಗಲ, ದಪ್ಪ ಮೂರೂ ಮಿಲಿಮೀಟರಿನಲ್ಲಿ ಕೊಟ್ಟಿದ್ದಾರಾ. ಫಿಲ್ಟರನ್ನು ಪಕ್ಕದಿಂದ ತೆಗೆದ ಫೋಟೋ ಇದೆಯಾ, ಯಾಕೆಂದರೆ ಮಡಿಕೆ ಎಷ್ಟಿದೆ ಅಂತ ಗೊತ್ತಾಗುವುದು ಆ ಫೋಟೋದಲ್ಲೇ. ಮೇಲಿನಿಂದ ತೆಗೆದ ಫೋಟೋದಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತವೆ.

ಕಪ್ಪು ಬಣ್ಣದ 'ಕಾರ್ಬನ್' ಫಿಲ್ಟರ್ ಬಗ್ಗೆ ಒಂದು ಮಾತು. ಕಾರ್ಬನ್ ಇದ್ದರೆ ಹೊಗೆ, ವಾಸನೆ ಸ್ವಲ್ಪ ಹೀರಿಕೊಳ್ಳುತ್ತದೆ, ಅದು ನಿಜ. ನಾನು ನೋಡಿದಾಗ ಬೆಲೆ 650ರಿಂದ ಮೇಲಿತ್ತು. ಆದರೆ ಬಟ್ಟೆಗೆ ಬೂದು ಬಣ್ಣ ಮಾತ್ರ ಹಾಕಿ ಕಾರ್ಬನ್ ಅಂತ ಮಾರುವುದೂ ಇದೆ. ನಿಜವಾದದ್ದರಲ್ಲಿ ಎರಡು ಪದರದ ನಡುವೆ ಸಣ್ಣ ಸಣ್ಣ ಕಾಳು ಬೆರಳಿಗೆ ಸಿಗುತ್ತವೆ, ಸಾದಾ ಫಿಲ್ಟರಿಗಿಂತ ತೂಕವೂ ಜಾಸ್ತಿ ಇರುತ್ತದೆ. ದಿನಾ ಮಂಡಕ್ಕಿ ಭಟ್ಟಿಗಳ ಕಡೆ, ಹೊಗೆಯಲ್ಲಿ ಓಡಾಡುವವರು ಕಾರ್ಬನ್ ಹಾಕಿಸಲಿ, ದುಡ್ಡು ದಂಡ ಅಲ್ಲ. ನಮ್ಮ ತೊಂದರೆ ಹೊಗೆ ಅಲ್ಲ, ಧೂಳು ಮತ್ತು ಸುಂಕು. ಇದಕ್ಕೆ ದುಬಾರಿ ಫಿಲ್ಟರ್ ಒಂದನ್ನು ಎರಡು ವರ್ಷ ಎಳೆಯುವುದಕ್ಕಿಂತ ಸಾದಾ ಫಿಲ್ಟರನ್ನು ವರ್ಷಕ್ಕೆ ಎರಡು ಸಲ ಬದಲಿಸುವುದೇ ಸರಿ. ಇದು ನನ್ನ ಗಟ್ಟಿ ಅಭಿಪ್ರಾಯ. ಕಂಪನಿಯ ಮ್ಯಾನುಯಲ್‌ನಲ್ಲೂ ಧೂಳಿನ ರಸ್ತೆಯಲ್ಲಿ ಓಡಿಸುವವರು ಬೇಗ ಬದಲಿಸಿ ಅಂತಲೇ ಇದೆ. ಭರಮಸಾಗರ, ಜಗಳೂರು, ಸಿರಿಗೆರೆ ಕಡೆ ಸುಗ್ಗಿಯಲ್ಲಿ ರಸ್ತೆಯೇ ಕಣ. ಸರ್ವೀಸ್ ರಸ್ತೆ ಉದ್ದಕ್ಕೂ ಮೆಕ್ಕೆಜೋಳ ಹರವಿರುತ್ತಾರೆ, ಪಕ್ಕದಲ್ಲೇ ಒಕ್ಕುವ ಮಿಷನ್ ಸುಂಕು ಉಗುಳುತ್ತಿರುತ್ತದೆ. ಎಷ್ಟೇ ಒಳ್ಳೆಯ ಫಿಲ್ಟರ್ ಆದರೂ ಆ ಎರಡು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ.

ಹಂತ 7: ಸರಿಯಾದದ್ದು ಸಿಕ್ಕಿತು

ಹಿರಿಯರ ಅಂಗಡಿಗೆ ವಾಪಸ್ ಹೋದೆ. ತರಿಸಿಟ್ಟಿದ್ದರು. ಹ್ಯುಂಡೈ ಗಾಡಿಗಳ ಅಸಲಿ ಬಿಡಿಭಾಗ ಮೋಬಿಸ್ ಹೆಸರಿನ ಡಬ್ಬಿಯಲ್ಲಿ ಬರುತ್ತದೆ, ಇದೂ ಹಾಗೇ. ನಂಬರ್ ಹಳೆಯದರ ಜೊತೆ ಅಕ್ಷರ ಅಕ್ಷರ ಹೊಂದಿಸಿ ನೋಡಿದೆವು. 410 ರೂಪಾಯಿ, ಬಿಲ್ ಸಮೇತ. ಹೆಸರಿಲ್ಲದ ಮಾಲಿಗಿಂತ ನೂರು ಚಿಲ್ಲರೆ ಜಾಸ್ತಿ ಅಷ್ಟೆ, ಗ್ಯಾರೇಜಿನವರು ಬರೆದ 750ರ ಹತ್ತಿರಕ್ಕೂ ಇಲ್ಲ. ಅಸಲಿ ಅಂದರೆ ದುಬಾರಿ ಅಂತ ಮೊದಲೇ ಅಂದುಕೊಂಡು ಕೇಳದೇ ಇರುವವರು ನಮ್ಮಲ್ಲಿ ತುಂಬಾ ಜನ. ಮೊದಲು ಕೇಳಿ.

ಇನ್ನೊಂದು ವಿಷಯ ಅವರೇ ಹೇಳಿದರು. 2025ರ ಸೆಪ್ಟೆಂಬರ್ 22ರಿಂದ ಗಾಡಿ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿದಿದೆ. ಅಂಗಡಿಗಳಲ್ಲಿ ಹಳೆಯ ಸ್ಟಾಕ್ ಇನ್ನೂ ಹಳೆಯ ಎಂಆರ್‌ಪಿ ಚೀಟಿಯಲ್ಲೇ ಇರಬಹುದು. ಡಬ್ಬಿಯ ಮೇಲಿನ ತಿಂಗಳು-ವರ್ಷ ನೋಡಿ, ಬಿಲ್ಲಿನಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆ ನೋಡಿ. ಸಣ್ಣ ಸಾಮಾನಿಗೂ ಮೂವತ್ತು ನಲವತ್ತು ರೂಪಾಯಿ ವ್ಯತ್ಯಾಸ ಬರುತ್ತದೆ.

ಹೊಸದನ್ನು ಅದೇ ತಕ್ಕಡಿಯಲ್ಲಿ ತೂಗಿದೆ. 94 ಗ್ರಾಂ. ಅಂದರೆ ಹಳೆಯದರಲ್ಲಿ ಇದ್ದ ಕಸ ಮತ್ತು ಧೂಳೇ 77 ಗ್ರಾಂ. ಅವ್ವ ತಕ್ಕಡಿ ನೋಡಿ "ಇಷ್ಟು ನಾವು ಉಸಿರಾಡಿದ್ದೇನೋ?" ಅಂದರು. ಇಲ್ಲ, ಇದು ಅದು ತಡೆದದ್ದು, ತೂತಿನಿಂದ ಬಂದದ್ದು ಬೇರೆ ಅಂತ ಹೇಳಿದೆ.

ಹಂತ 8: ಹಾಕುವುದು

ಹಾಕುವ ಮುಂಚೆ ಪೆಟ್ಟಿಗೆಯ ಒಳಗೆ ಟಾರ್ಚ್ ಹಿಡಿದು ಒದ್ದೆ ಬಟ್ಟೆಯಿಂದ ಒರೆಸಿದೆ. ಇಲಿ ಇದ್ದ ಜಾಗವಾದ್ದರಿಂದ ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡೆ. ಒಣಗಲು ಅರ್ಧ ಗಂಟೆ ಬಾಗಿಲು ತೆಗೆದಿಟ್ಟೆ.

ಫಿಲ್ಟರಿನ ಪಕ್ಕದಲ್ಲಿ ಗಾಳಿ ಹೋಗುವ ದಿಕ್ಕಿನ ಬಾಣ ಇರುತ್ತದೆ. ನಮ್ಮ ಗಾಡಿಯಲ್ಲಿ ಬ್ಲೋವರ್ ಕೆಳಗಿದೆ, ಗಾಳಿ ಮೇಲಿನಿಂದ ಕೆಳಕ್ಕೆ. ಆದ್ದರಿಂದ ಬಾಣ ಕೆಳಮುಖ. ಸಂಶಯ ಇದ್ದರೆ ಹಳೆಯ ಫಿಲ್ಟರಿನಲ್ಲಿ ಕೊಳೆ ಯಾವ ಮುಖದಲ್ಲಿತ್ತು ನೋಡಿ, ಆ ಮುಖ ಗಾಳಿ ಬರುವ ಕಡೆ. ಬಿಚ್ಚುವ ಮುಂಚೆಯೇ ಒಂದು ಫೋಟೋ ತೆಗೆದರೆ ಈ ಗೊಂದಲವೇ ಇಲ್ಲ.

ಮಟ್ಟಸವಾಗಿ ಜಾರಿಸಿದೆ, ಎಲ್ಲೂ ಒತ್ತಬೇಕಾಗಲಿಲ್ಲ. ಅಳತೆ ಸರಿ ಇದ್ದರೆ ಹೀಗೇ ಹೋಗಬೇಕು. ಮುಚ್ಚಳ 'ಟಕ್' ಅಂತ ಕೂತಿತು. ಗ್ಲೋವ್ ಬಾಕ್ಸ್ ಎತ್ತಿ, ದಾರದ ಕೊಕ್ಕೆ ಸಿಕ್ಕಿಸಿ, ಎರಡೂ ತಡೆ ತಿರುಗಿಸಿದರೆ ಕೆಲಸ ಮುಗಿಯಿತು. ಒರೆಸುವುದು, ಒಣಗಿಸುವುದು ಬಿಟ್ಟರೆ ಹತ್ತು ನಿಮಿಷ. ಇದಕ್ಕೆ 300 ಕೂಲಿ.

ಹಾಕುವ ಮುಂಚೆಯೇ ಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ತಾರೀಖು ಮತ್ತು ಗಾಡಿಯ ಕಿಲೋಮೀಟರ್ ಬರೆದಿದ್ದೆ.

ಪರೀಕ್ಷೆಗೆ ಮೀಟರ್ ಏನೂ ಬೇಡ. ಪೇಪರಿನ ಒಂದು ಪಟ್ಟಿ, 2 ಸೆಂಟಿಮೀಟರ್ ಅಗಲ, 20 ಉದ್ದ, ನಡುವಿನ ಎಸಿ ಕಿಂಡಿಯ ಮೇಲ್ಭಾಗಕ್ಕೆ ಟೇಪಿನಿಂದ ಅಂಟಿಸಿ ಇಳಿಬಿಟ್ಟೆ. ಹಳೆಯ ಫಿಲ್ಟರಿನಲ್ಲಿ ಫ್ಯಾನ್ ಎರಡಕ್ಕೆ ಇಟ್ಟಾಗ ಪಟ್ಟಿ ಸುಮ್ನೆ ತೂಗಾಡುತ್ತಿತ್ತು. ಹೊಸದರಲ್ಲಿ ಅದೇ ಎರಡರಲ್ಲಿ ಪಟ್ಟಿ ಮುಂದಕ್ಕೆ ಚಾಚಿ ನಿಂತಿತು. ಗಾಜಿನ ಮಂಜು ಬೇಗ ಹೋಗುತ್ತಿದೆ. ಫ್ಯಾನ್ ಸದ್ದೂ ಕಡಿಮೆ.

ವಾಸನೆ ಪೂರ್ತಿ ಹೋಗಲಿಲ್ಲ, ಸ್ವಲ್ಪ ಉಳಿಯಿತು. 800ರ ಫೋಮ್ ಹಾಕಿಸಲಿಲ್ಲ. ಬದಲಿಗೆ ಮನೆ ತಲುಪುವ ಐದು ನಿಮಿಷ ಮುಂಚೆ ಎಸಿ ಆಫ್ ಮಾಡಿ ಫ್ಯಾನ್ ಮಾತ್ರ ಬಿಡುತ್ತಿದ್ದೇನೆ. ಒಳಗಿನ ಕಾಯಿಲ್ (ಎಸಿ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಮೇಲಿನ ನೀರು ಆರುತ್ತದೆ. ಎರಡು ವಾರದಲ್ಲಿ ವಾಸನೆ ಹೆಚ್ಚುಕಡಿಮೆ ನಿಂತಿದೆ. ಇಷ್ಟು ಮಾಡಿಯೂ ಹೋಗದಿದ್ದರೆ ಆಗ ಕಾಯಿಲ್ ಕ್ಲೀನ್ ಮಾಡಿಸಬೇಕು, ಮೊದಲೇ ಬೇಡ.

ಹಂತ 9: ಇಲಿಗೆ ದಾರಿ ಮುಚ್ಚಿದ್ದು

ಇದನ್ನು ಮಾಡದಿದ್ದರೆ ಹೊಸ ಫಿಲ್ಟರಿಗೂ ಅದೇ ಗತಿ. ಹೊರಗಿನ ಗಾಳಿ ಒಳಗೆ ಬರುವುದು ಮುಂದಿನ ಗಾಜಿನ ಕೆಳಗೆ, ವೈಪರ್ ಹತ್ತಿರ ಇರುವ ಪ್ಲಾಸ್ಟಿಕ್ ಜಾಲರಿಯಿಂದ. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸುವುದರಿಂದ ಅಲ್ಲೂ ಎಲೆ ತುಂಬಿತ್ತು. ಎಲ್ಲ ಕೈಯಲ್ಲಿ ತೆಗೆದೆ.

ಮೊದಲು ನುಸಿಗುಳಿಗೆ ಕಟ್ಟಿ ನೋಡಿದೆ, ಎಂಜಿನ್ ಕಡೆ. ಇಲಿ ಬಂತೋ ಇಲ್ಲವೋ ಗೊತ್ತಿಲ್ಲ, ವಾಸನೆ ಮಾತ್ರ ಫ್ಯಾನಿನಿಂದ ನೇರ ಒಳಗೆ ಬಂತು. ಅವ್ವನಿಗೆ ತಲೆನೋವು. ಆವತ್ತೇ ತೆಗೆದು ಬಿಸಾಕಿದೆ. ಅಲರ್ಜಿ, ಉಬ್ಬಸ ಇರುವವರು ಇರುವ ಗಾಡಿಗೆ ಇದನ್ನು ದಯವಿಟ್ಟು ಮಾಡಬೇಡಿ.

ಆಮೇಲೆ ಜಾಲರಿ. ಸೊಳ್ಳೆ ಜಾಲರಿ ಬೇಡ, ಅದರ ಕಣ್ಣು ತುಂಬಾ ಸಣ್ಣದು, ಸುಂಕು ಕೂತರೆ ಗಾಳಿಯೇ ಬರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಇಂಚು ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣ) ವೆಲ್ಡ್ ಜಾಲರಿ ಸಿಗುತ್ತದೆ, ಒಂದು ಅಡಿ ತುಂಡು 90 ರೂಪಾಯಿ. ತಂತಿ ಕತ್ತರಿಸುವ ಕಟರಿನಲ್ಲಿ ಅಳತೆಗೆ ಕತ್ತರಿಸಿ, ಚೂಪು ತುದಿಗಳನ್ನು ಒಳಕ್ಕೆ ಮಡಚಿ, ಪ್ಲಾಸ್ಟಿಕ್ ಜಾಲರಿಯ ಅಡಿಗೆ ಕೇಬಲ್ ಟೈನಿಂದ ಕಟ್ಟಿದೆ. ಟೈ ಪೊಟ್ಟಣ 40 ರೂಪಾಯಿ. ಈ ಜಾಗದಲ್ಲಿ ಮಳೆ ನೀರು ಹೊರಗೆ ಹೋಗುವ ತೂತುಗಳಿರುತ್ತವೆ, ಅವನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಮುಚ್ಚಿದರೆ ನೀರು ಕಾಲ ಹತ್ತಿರದ ಮ್ಯಾಟಿನ ಕೆಳಗೆ ಇಳಿಯುತ್ತದೆ. ಕಟ್ಟಿದ ಮೇಲೆ ಒಂದು ಚೊಂಬು ನೀರು ಗಾಜಿನ ಮೇಲೆ ಸುರಿದು, ಕೆಳಗೆ ಚಕ್ರದ ಹತ್ತಿರ ಬೀಳುತ್ತದಾ ಅಂತ ನೋಡಿಕೊಂಡೆ. ಬಿತ್ತು.

ರಸ್ತೆಯಲ್ಲಿ ಒಕ್ಕುವ ಮಿಷನ್ ಕಂಡರೆ ಈಗ ಮೊದಲೇ ಗಾಳಿಯನ್ನು ಒಳಗೇ ಸುತ್ತಿಸುವ ಬಟನ್ ಒತ್ತುತ್ತೇನೆ, ದಾಟಿದ ಮೇಲೆ ತೆಗೆಯುತ್ತೇನೆ. ಫಿಲ್ಟರ್ ಇರುವುದು ಬ್ಲೋವರ್‌ಗೆ ಮುಂಚೆ. ಆದ್ದರಿಂದ ಒಳಗಿನ ಗಾಳಿ ಸುತ್ತುವಾಗಲೂ ಅದರ ಮೂಲಕವೇ ಹೋಗುತ್ತದೆ. ಕಾರೊಳಗೆ ಸೇರಿದ್ದ ಧೂಳೂ ಹಾಗೇ ಕಡಿಮೆಯಾಗುತ್ತದೆ.

ಖರ್ಚು

ಫಿಲ್ಟರ್ 410, ಜಾಲರಿ 90, ಟೈ 40. ಕೆಲಸಕ್ಕೆ ಬಂದದ್ದು 540. ಕೆಲಸಕ್ಕೆ ಬಾರದ ಎಸಿ ಬಟ್ಟೆ 220. ಎಲ್ಲ ಸೇರಿ 760. ಮುಂದಿನ ಸಲ 410 ಮಾತ್ರ, ಅದು ಸುಗ್ಗಿ ಮುಗಿದ ಮೇಲೆ ಜನವರಿ ಕೊನೆಗೆ. ಅದರ ನಂತರದ ಬದಲಾವಣೆ ಮಳೆಗಾಲ ಶುರುವಾಗುವ ಮುಂಚೆ. ಅಂಗಡಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ.

ಇನ್ನೂ ಮುಗಿಯದ ಕೆಲಸ

ಇದನ್ನು ನೋಡಿ ಪಕ್ಕದ ಮನೆಯವರೂ ತಮ್ಮ ಗಾಡಿ ತಂದರು. ಬೇರೆ ಕಂಪನಿಯ ಸಣ್ಣ ಕಾರು, ಕಡಿಮೆ ಬೆಲೆಯ ಮಾಡೆಲ್. ಗ್ಲೋವ್ ಬಾಕ್ಸ್ ಇಳಿಸಿ ಮುಚ್ಚಳ ತೆಗೆದರೆ ಒಳಗೆ ಜಾಗ ಇದೆ, ಫಿಲ್ಟರೇ ಇಲ್ಲ. ಹರಿದಿರುವುದಲ್ಲ, ಹಾಕಿಯೇ ಇಲ್ಲ. ಕೆಲವು ಬೇಸ್ ಮಾಡೆಲ್‌ಗಳು ಹೀಗೇ ಬರುತ್ತವೆ. ನಿಮ್ಮದು ಬೇಸ್ ಮಾಡೆಲ್ ಆದರೆ ಫಿಲ್ಟರ್ ಕೊಳ್ಳುವ ಮುಂಚೆ ಬಿಚ್ಚಿ ನೋಡಿ. ಹೊಂದಿಸಿ ನೋಡಲು ಹಳೆಯದು ಇಲ್ಲದ್ದರಿಂದ ಕಿಂಡಿಯನ್ನೇ ಸ್ಕೇಲಿನಲ್ಲಿ ಅಳೆದುಕೊಂಡಿದ್ದೇವೆ, ಚಾಸಿ ನಂಬರ್ ಅಂಗಡಿಗೆ ಕೊಟ್ಟಿದ್ದೇವೆ. ಅದೇ ಮಾಡೆಲಿನ ಮೇಲಿನ ವೇರಿಯಂಟ್‌ನ ಫಿಲ್ಟರ್ ಕೂರುತ್ತದೆ ಅಂತ ಯಜಮಾನರು ಹೇಳುತ್ತಿದ್ದಾರೆ. ಸೋಮವಾರ ಬರುತ್ತದಂತೆ, ಹಾಕಿ ನೋಡಿ ಅಳತೆ ಸಮೇತ ಬರೆಯುತ್ತೇನೆ.